ಇರುವೆಯ ಮುದ್ರೆ

ಮೊದಲ ದಿನವೇ ಅವನು ಅವಳ ಎಡಗೈಯಿಂದ ಚೂರಿ ತೆಗೆದು ಬಲಗೈಗೆ ಕೊಟ್ಟ.

ಅವಳು ಅದನ್ನು ಮತ್ತೆ ಎಡಗೈಗೆ ತಂದುಕೊಂಡಳು.

"ಇಲ್ಲಿ ಎಲ್ಲರೂ ಬಲಗೈಲೇ ಬೆತ್ತ ಹೆಣೆಯೋದು."

"ಪರವಾಗಿಲ್ಲ ಬಿಡಿ. ಅವರಿಗೆಲ್ಲ ನಾನು ನಿಧಾನವಾಗಿ ಕಲಿಸ್ತೀನಿ."

ಕುರ್ಚಿ ಕಾರ್ಖಾನೆಯ ಉದ್ದನೆಯ ಕೋಣೆಯಲ್ಲಿ ಹೆಣೆಯುತ್ತಿದ್ದ ಕೈಗಳೆಲ್ಲ ಒಮ್ಮೆಲೇ ನಿಂತವು. ಕೆಲಸ ಕಲಿಸುವ ಚಿಕ್ಕ ಮೇಸ್ತ್ರಿಗೆ ಹೀಗೆ ಎದುರಾಡಿದ ತರಬೇತಿಯವರನ್ನು ಯಾರೂ ಕಂಡಿರಲಿಲ್ಲ.

ಈಗ ಬೈತಾನೆ, ಅಂದುಕೊಂಡಳು. ಅವನು ಬೈಯಲಿಲ್ಲ. ತನ್ನ ಸ್ಟೂಲು ಎಳೆದುಕೊಂಡು ಬಂದು ಅವಳ ಎದುರಿಗೆ ಕೂತ.

"ಕನ್ನಡಿ ನೋಡೋ ಹಾಗೆ ನನ್ನ ಕೈ ನೋಡಿ. ನನ್ನ ಬಲ, ನಿಮ್ಮ ಎಡ."

ಅಂದಿನಿಂದ ಅವರು ಕೂತದ್ದೆಲ್ಲ ಎದುರುಬದುರಾಗಿಯೇ. ಅವನ ಬೆರಳುಗಳನ್ನೇ ನೋಡಬೇಕಾಗಿದ್ದ ಕಣ್ಣು ಯಾವಾಗ ಬೆರಳು ಬಿಟ್ಟು ಮುಖಕ್ಕೆ ಹತ್ತತೊಡಗಿತೋ, ಅವಳಿಗೇ ತಿಳಿಯಲಿಲ್ಲ.

ಅಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕಬ್ಬಿಣದ ಮುದ್ರೆ. ಕುರ್ಚಿ ಮುಗಿದ ಮೇಲೆ ಸೀಟಿನ ಅಡಿಯ ಮರಕ್ಕೆ ಅದನ್ನು ಕಾಯಿಸಿ ಒತ್ತಬೇಕು. ಅವನದು ಮೀನು. ಅವಳು ಇರುವೆ ಆರಿಸಿಕೊಂಡಳು.

"ಕಚ್ಚತ್ತೆ ಅಂತಾನಾ?" ಅವನು ನಕ್ಕ.

"ತನಗಿಂತ ಭಾರ ಹೊರುತ್ತೆ ಅಂತ. ಕಚ್ಚೋದು ಬೇಕಾದವರಿಗೆ ಮಾತ್ರ."

ಕಲಿಯುವವರ ಮುದ್ರೆ ಅವರ ಮೇಸ್ತ್ರಿಯ ಬಳಿ ಇರುತ್ತಿತ್ತು. ವಾರ್ನಿಷ್ ಆರಿದ ಮೇಲೆ ಹಿಂದಿನ ಕೋಣೆಯಲ್ಲಿ ಒತ್ತಿ, ಬಟ್ಟೆ ಸುತ್ತಿ, ಅಂಗಡಿಗೆ ಕಳಿಸುವುದು ಅವನ ಕೆಲಸ. ತನ್ನ ಇರುವೆಗಳು ಯಾರ್ಯಾರದೋ ಮನೆಯ ಊಟದ ಮೇಜಿನ ಸುತ್ತ ಓಡಾಡುತ್ತಿರುವುದನ್ನು ಅವಳು ರಾತ್ರಿ ಅಕ್ಕನಿಗೆ ವರ್ಣಿಸುತ್ತಿದ್ದಳು.

"ಸಕ್ಕರೆ ಡಬ್ಬ ಭದ್ರ ಅನ್ನು ಅವರಿಗೆ," ಎನ್ನುತ್ತಿದ್ದಳು ಅಕ್ಕ.

ತರಬೇತಿಯ ವರ್ಷ ಮುಗಿದ ದಿನ ಕಾರ್ಖಾನೆಯ ಒಡತಿ ಅವಳನ್ನು ಕರೆಸಿದಳು.

"ನಿನ್ನನ್ನ ಖಾಯಂ ಮಾಡೋಕೆ ಮುಂಚೆ ನಿನ್ನ ಕುರ್ಚಿ ನೋಡೋಣ ಅಂತ ಅಂಗಡೀಲೆಲ್ಲ ಹುಡುಕಿಸಿದೆ ಕಣಮ್ಮ. ಇರುವೆ ಮುದ್ರೆದು ಒಂದೂ ಇಲ್ಲ. ವರ್ಷವೆಲ್ಲ ಬೆತ್ತ ನೆನೆಹಾಕ್ಕೊಂಡು ಕೂತಿದ್ಯಾ?"

ಅವಳು ನೇರ ಅಂಗಡಿಗೆ ನಡೆದು ಸಾಲಾಗಿ ಇಟ್ಟಿದ್ದ ಕುರ್ಚಿಗಳನ್ನು ಮಗುಚತೊಡಗಿದಳು.

ಮೀನು. ಮೀನು. ಮತ್ತೆ ಮೀನು.

ಅಂಚಿನ ಕೊನೆ ಸುತ್ತು ಎಡಕ್ಕೆ ಓಡಿತ್ತು. ಬಲಗೈಯವರು ಹೆಣೆದರೆ ಅದು ಬಲಕ್ಕೇ ಓಡುವುದು. ಇವು ತನ್ನ ಕೈಯವು. ಅಡಿಯಲ್ಲಿ ಅವನ ಮೀನು.

ಎದುರಿಗೆ ಕೂತು ಕಲಿಸಿದ್ದು ಇದಕ್ಕಾ? ನನ್ನ ದುಡಿಮೆಯನ್ನ ತನ್ನ ಹೆಸರಿಗೆ ಬರ್ಕೊಳ್ಳೋಕಾ? ನಾನು ಮತ್ತೆ ಆ ಹಳೇ ಕೆಲಸಕ್ಕೆ, ಔಷಧಿ ಗೋದಾಮಿಗೆ ಹೋಗಿ ಡಬ್ಬ ಕಟ್ಟಬೇಕು... ಇವನು ಹೆಸರು ಮಾಡ್ತಾನೆ. ಅಂಥವನ ಮುಖ ನೋಡ್ಕೊಂಡು ನಾನು...

ಹಿಂದಿನ ಕೋಣೆಯಲ್ಲಿ ಅವನು ಮುದ್ರೆ ಕಾಯಿಸುತ್ತಿದ್ದ. ಅವಳು ಕುರ್ಚಿಯೊಂದನ್ನು ಅವನ ಕಾಲಬುಡದಲ್ಲಿ ಮಗುಚಿ ಇಟ್ಟಳು.

"ಇದು ಯಾರ ಕೆಲಸ?"

"ನಿಮ್ಮದೇ."

"ಮೀನಿಗೆ ಯಾವಾಗ ಕೈ ಬಂತು?"

"ಕೇಳಿ ಸ್ವಲ್ಪ. ಕಲಿಯೋರ ಮುದ್ರೆ ಇರೋ ಕುರ್ಚಿ ಸಡಿಲ ಅಂತ ಒಂದ್ಸಲ ವಾಪಸ್ ಬಂದ್ರೂ ಅವರನ್ನ ಅವತ್ತೇ ಮನೆಗೆ ಕಳಿಸ್ತಾರೆ, ಇಲ್ಲಿನ ನಿಯಮ. ನಿಮಗಿಂತ ಮುಂಚೆ ನನ್ನ ಚಿಕ್ಕಪ್ಪನ ಮಗನಿಗೆ ನಾನೇ ಕಲಿಸ್ತಿದ್ದೆ. ಹಾಗೇ ಕಳಿಸಿದ್ರು. ಈಗ ಎದುರಿಗೆ ಸಿಕ್ರೂ ಮುಖ ತಿರುಗಿಸ್ತಾನೆ. ನೀವೂ ಹಾಗೆ ಹೋಗಬಾರದು ಅಂತ... ಬಂದ್ರೆ ನನ್ನ ತಲೆಗೆ ಬರಲಿ ಅಂತ ಒತ್ತಿದೆ. ಕೊನೇಲಿ ಅಮ್ಮಾವ್ರಿಗೆ ನಾನೇ ಹೇಳ್ತಿದ್ದೆ."

"ಬಂದಿತ್ತಾ ಯಾವುದಾದ್ರೂ?"

ಅವನ ಕಣ್ಣು ಮಗುಚಿದ್ದ ಕುರ್ಚಿಯ ಮೂಲೆಗೆ ಹೋಯಿತು.

"ಬಂದಿತ್ತಾ ಅಂದೆ."

"ಒಂದು. ಹಿಂದಿನ ಮೂಲೆ ಸಡಿಲ ಆಗಿತ್ತು. ನಾನೇ ಸರಿ ಮಾಡಿದೆ."

"ಹಿಂದಿನ ಮೂಲೆ..." ಅವಳು ಆ ಮೂಲೆಯನ್ನು ಬೆರಳಿಂದ ಒತ್ತಿದಳು. "ಇವತ್ತಿಗೂ ನಾನು ಅದನ್ನ ಹಾಗೇ ಕಟ್ತಿದೀನಿ. ತಪ್ಪು ಅಂತ ಹೇಳೋರೇ ಇರಲಿಲ್ಲ ನಂಗೆ. ನೀವು ನನ್ನ ತಪ್ಪನ್ನೂ ಕದ್ಕೊಂಡ್ರಿ."

ಅವನ ಕೈಯಲ್ಲಿ ಕಾದ ಮುದ್ರೆ ಹಾಗೇ ತಣ್ಣಗಾಯಿತು. ಅವಳು ಕಳ್ಳ ಅಂದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

ಅವನು ಆ ಕುರ್ಚಿಯನ್ನೇ ಹೆಗಲಿಗೇರಿಸಿಕೊಂಡು ಒಡತಿಯ ಕೋಣೆಗೆ ನಡೆದ. ಅವಳೂ ಹಿಂದೆ ಹೋದಳು. ಅವನನ್ನು ನಂಬಿ ಅಲ್ಲ. ಇನ್ನು ಮುಂದೆ ತನ್ನ ಮಾತನ್ನು ಯಾರೂ ತನ್ನ ಪರವಾಗಿ ಆಡಬಾರದು ಅಂತ.

"ಈ ಮೀನೆಲ್ಲ ಸುಳ್ಳು, ಅಮ್ಮಾವ್ರೇ," ಅಂದ. "ಎಡಕ್ಕೆ ಓಡಿರೋ ಸುತ್ತೆಲ್ಲ ಇವರದು."

ಒಡತಿ ಸೀಟಿನ ಅಂಚಿನ ಮೇಲೆ ಬೆರಳಾಡಿಸಿದಳು. "ಸುಳ್ಳು ಮುದ್ರೆ ಒತ್ತಿದವನನ್ನ ನಾನು ಯಾಕೆ ಇಟ್ಕೋಬೇಕು?"

"ಇಟ್ಕೋಬೇಡಿ."

"ನಿಲ್ಲಿ," ಅಂದಳು ಅವಳು. "ಇವರು ಮಾಡಿದ್ದು ತಪ್ಪು. ಅದನ್ನ ನಾನು ಇವರಿಗೆ ಬೇಕಾದಷ್ಟು ಹೇಳಿದೀನಿ, ಇನ್ನೂ ಹೇಳೋದಿದೆ. ಆದ್ರೆ ಇವರ ಕೈಲಿ ಇದನ್ನ ಮಾಡಿಸಿದ್ದು ನಿಮ್ಮ ನಿಯಮ. ಕಲಿಯೋಕೆ ಬಾ ಅಂತ ಕರೆದು, ತಪ್ಪಿದ್ರೆ ನಡಿ ಅಂದ್ರೆ ಹೇಗೆ? ತಪ್ಪೇ ಮಾಡದೋರು ಬೇಕಿದ್ರೆ ಕಲಿತೋರನ್ನೇ ತಗೋಬೇಕಿತ್ತು. ಅವರಿಗೆ ಸಂಬಳ ಜಾಸ್ತಿ ಅಂತ ತಾನೇ ನಮ್ಮನ್ನ ಕರೆದದ್ದು?"

ಒಡತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಮೇಸ್ತ್ರಿ, ಇವಳಿಗೆ ಮಾತೂ ನೀನೇ ಕಲಿಸಿದ್ಯಾ?"

"ಅದನ್ನ ಬರುವಾಗಲೇ ತಂದಿದ್ರು."

"ಸರಿ. ಇವತ್ತಿಂದ ವಾಪಸ್ ಬಂದ ಕುರ್ಚೀನ ಹೆಣೆದವರೇ ಬಿಚ್ಚಿ ಸರಿ ಮಾಡಲಿ. ಕಲಿಸಿದವನು ಪಕ್ಕದಲ್ಲಿರಲಿ, ಕೈ ಹಾಕಕೂಡದು. ಇವಳಿಗೆ ತರಬೇತಿಗೆ ಇನ್ನೊಂದು ಅವಧಿ ಕೊಡ್ತೀನಿ, ಇರುವೆ ಅವಳ ಕೈಲೇ ಇರಲಿ. ನಿನಗೆ ಇನ್ನು ಹೊಸ ಶಿಷ್ಯರಿಲ್ಲ. ಇವಳೊಬ್ಬಳ ಕಲಿಕೆ ಮುಗಿಸು ಮೊದಲು, ಆಮೇಲೆ ನೋಡೋಣ."

ಅದಾದ ಮೇಲೆ ಅವಳು ಅವನ ಎದುರಿಗೆ ಕೂರಲಿಲ್ಲ. ಬೆನ್ನು ಹಾಕಿ ಕೂತಳು. ಅವನೂ ಸ್ಟೂಲು ಎಳೆಯಲಿಲ್ಲ.

ಮೊದಲ ಇರುವೆ ಕುರ್ಚಿ ಅಂಗಡಿಗೆ ಹೋಗಿ, ಹೋದಷ್ಟೇ ಬೇಗ ವಾಪಸ್ ಬಂತು. ಅದೇ ಹಿಂದಿನ ಮೂಲೆ.

ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. "ಯಾರೂ ಮುಟ್ಟಬೇಡಿ. ಇದು ನಂದು."

ಸುತ್ತನ್ನೆಲ್ಲ ಬಿಚ್ಚಿದಳು. ಕಟ್ಟಿದಳು, ಜಾರಿತು. ಮತ್ತೆ ಕಟ್ಟಿದಳು, ಮತ್ತೆ ಜಾರಿತು. ತಲೆಯೆತ್ತಿದರೆ ಅವನು ತುಸು ದೂರದಲ್ಲಿ ನೆಲದ ಮೇಲೆ ಕೂತಿದ್ದ. ಎರಡು ಕೈಯನ್ನೂ ತೊಡೆಯಡಿಗೆ ಅದುಮಿಟ್ಟುಕೊಂಡಿದ್ದ. ಅವಳ ಬೆತ್ತ ಜಾರಿದಾಗೆಲ್ಲ ಅವನ ಭುಜ ಬೆಚ್ಚುತ್ತಿತ್ತು. ಕೈ ಮಾತ್ರ ಹೊರಗೆ ಬರಲಿಲ್ಲ.

ಅಷ್ಟು ದಿನದ ಸಿಟ್ಟಿನ ನಡುವೆಯೇ ಅವಳಿಗೆ ನಗು ಬಂತು.

"ಕೈ ಮರಗಟ್ಟಿರಬೇಕಲ್ಲ?"

"ಆಗಲೇ."

"ಮುಟ್ಟಬೇಕು ಅನಿಸ್ತಿದ್ಯಾ?"

"ಕುರ್ಚೀನಾ?" ಅಂದವನು ತನ್ನ ಮಾತಿಗೆ ತಾನೇ ನಾಚಿ ನೆಲ ನೋಡಿದ. "ಕಳ್ಕೊಳ್ಳೋ ಭಯಕ್ಕೆ ಹಾಗೆ ಮಾಡಿದೆ. ನಿಮ್ಮನ್ನ ಇಷ್ಟಪಡ್ತೀನಿ ಅಂತ ಹೇಳೋ ಧೈರ್ಯ ಇರಲಿಲ್ಲ, ಮುದ್ರೆ ಒತ್ತೋ ಧೈರ್ಯ ಇತ್ತು. ಕ್ಷಮಿಸಿ ಅಂತ ಕೇಳಲ್ಲ. ಇಷ್ಟ ಅಂತ ಮಾತ್ರ ಹೇಳ್ತಿದೀನಿ."

ಅವಳು ಬೆತ್ತದ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಆ ಮೂಲೆಯ ಸುತ್ತನ್ನು ಮತ್ತೊಮ್ಮೆ ಬಿಚ್ಚಿದಳು. ಆಮೇಲೆ ಕಾಲಿಂದ ಸ್ಟೂಲನ್ನು ಅವನ ಕಡೆ ತಳ್ಳಿದಳು.

"ಎದುರಿಗೆ ಬಾ."

ಅವಳು ಮೊದಲ ಸಲ ಏಕವಚನದಲ್ಲಿ ಕರೆದದ್ದು. ಅವನು ಬಂದು ಕೂತ. ಕೈ ಮಾತ್ರ ಇನ್ನೂ ತೊಡೆಯಡಿಯಲ್ಲೇ.

"ಸಹಾಯ ಮಾಡಲಾ?"

"ಕೇಳಿದಾಗ ಮಾಡು."

"ಯಾವಾಗ ಕೇಳ್ತೀಯ?"

ಅವಳು ಎಡಗೈ ಚಾಚಿದಳು.

"ಈಗ. ಕುರ್ಚಿಗಲ್ಲ... ನಂಗೆ."