ನಂಬರಿಲ್ಲದ ಗೋಲ್‌ಕೀಪರ್

ಚೆಂಡು ಬಂದು ಅವನ ಹೊಟ್ಟೆಗೆ ಬಡಿಯಿತು. ಅವನು ಹಾಗೇ ನೆಲದ ಮೇಲೆ ಕೂತುಬಿಟ್ಟ. ಆದರೆ ಗೋಲು ಆಗಲಿಲ್ಲ.

“ನೋಡಿದ್ರಾ ಚಿಕ್ಕಪ್ಪ! ಎಂಥಾ ಸೇವ್!” ಕನ್ನಡಕದಕ್ಕ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

“ಅದು ಸೇವ್ ಅಲ್ಲ ಕಣೇ, ಆಕ್ಸಿಡೆಂಟು,” ಎಂದರು ಚಿಕ್ಕಪ್ಪ, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಳ್ಳುತ್ತ. “ಪಾಪ, ಚೆಂಡು ಎಲ್ಲಿ ಬರುತ್ತೆ ಅಂತ ಅವನಿಗೂ ಗೊತ್ತಿರಲಿಲ್ಲ, ಚೆಂಡಿಗೂ ಗೊತ್ತಿರಲಿಲ್ಲ.”

ಸೀಸನ್ ಶುರುವಾಗಲು ಇನ್ನೂ ಮೂರು ವಾರ ಇತ್ತು. ಬೆಳಿಗ್ಗೆ ಏಳಕ್ಕೆ ಮೈದಾನದ ಗೇಟು ತೆಗೆದರೆ ಒಳಗೆ ಬರುತ್ತಿದ್ದವರು ಹೆಚ್ಚೆಂದರೆ ಐವತ್ತು ಜನ. ಮ್ಯಾಚಿನ ದಿನ ಕೂಗಿ ಮನೆಗೆ ಹೋಗುವ ಜಾತಿಯಲ್ಲ ಇವರದು. ಆಟಗಾರರು ಸುಮ್ಮನೆ ಮೈದಾನ ಸುತ್ತು ಹಾಕುವುದನ್ನೂ ಕಣ್ಣರಳಿಸಿ ನೋಡುವವರು. ಅವರೊಳಗೆ ಮೊದಲ ಸಾಲು, ಎಡತುದಿ, ಕನ್ನಡಕದಕ್ಕನದು. ಚಿಕ್ಕಪ್ಪನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಲೆನ್ಸು ಕೂರಿಸುವ ಕೆಲಸ ಅವಳದು. ಅಂಗಡಿ ತೆಗೆಯುವುದು ಹತ್ತಕ್ಕೆ. ಅಲ್ಲಿಯವರೆಗೆ ಅವಳು ಟೀಮಿನ ಸೊತ್ತು.

ಅವಳಿಗೊಂದು ಹೆಮ್ಮೆ ಇತ್ತು. ಸೀಸನ್ನಿಗೆ ಮುಂಚೆ ಕೋಚ್ ಕೆಲವರನ್ನು ಟ್ರಯಲ್‌ಗೆ ಕರೆಸುತ್ತಾರೆ. ಅವರ ಶರ್ಟಿಗೆ ನಂಬರು ಇರುವುದಿಲ್ಲ. ಎರಡು ವಾರ ಆಡಿಸಿ, ಬೇಕಾದವರನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳಿಸುತ್ತಾರೆ. ಈಗ ಊರೆಲ್ಲ ಹೊತ್ತು ಕುಣಿಯುವ ಹತ್ತನೇ ನಂಬರಿನವನು ಎರಡು ವರ್ಷದ ಹಿಂದೆ ಹೀಗೇ ನಂಬರಿಲ್ಲದೆ ಬಂದಿದ್ದಾಗ, “ಇವನು ಉಳೀತಾನೆ ನೋಡ್ತಿರಿ,” ಅಂದವಳು ಇವಳೇ. ಆಮೇಲಿಂದ ಅವಳ ಮಾತು ಅಂದರೆ ಮೈದಾನದಲ್ಲಿ ವೇದವಾಕ್ಯ.

ಈ ಸಲ ಅವಳ ಕಣ್ಣಿಗೆ ಬಿದ್ದಿದ್ದು ದೂರದ ಗೋಲಿನಲ್ಲಿ ನಿಂತಿದ್ದ, ನಂಬರಿಲ್ಲದ ಈ ಎತ್ತರದ ಗೋಲ್‌ಕೀಪರ್. ಅಗಲ ಭುಜ. ಕಪ್ಪು ಗಡ್ಡದ ಮಧ್ಯೆ ಬೆಳ್ಳನೆ ನಗು. ಮೈಮೇಲೆ ಚೆಂಡು ಬಿದ್ದಾಗಲೆಲ್ಲ “ಅಯ್ಯೋ” ಅನ್ನುತ್ತಿದ್ದ. ಅಷ್ಟಾದರೂ ಮತ್ತೆ ಎದ್ದು ನಿಲ್ಲುತ್ತಿದ್ದ.

“ಅವನ ಶಿಸ್ತು ನೋಡಿ,” ಅವಳು ಪಕ್ಕದ ಬೇಕರಿಯವರಿಗೆ ಹೇಳಿದಳು. “ಟ್ರೈನಿಂಗ್ ಮುಗೀತಿದ್ದಂಗೆ ಎಲ್ಲರಿಗಿಂತ ಮೊದಲು ಬಸ್ಸಿನ ಕಡೆ ಓಡೋನು ಅವನೇ. ಉಳಿದೋರು ಇನ್ನೂ ಶೂ ಲೇಸು ಬಿಚ್ತಾ ಇರ್ತಾರೆ!”

“ಹೌದಲ್ಲಾ,” ಎಂದು ಬೇಕರಿಯವರು ತಲೆದೂಗಿದರು.

ನಾಲ್ಕನೇ ದಿನ ಚೆಂಡೊಂದು ಬೇಲಿಯ ಹತ್ತಿರ ಉರುಳಿ ಬಂತು. ಅದರ ಹಿಂದೆಯೇ ಅವನೂ ಬಂದ. ಕನ್ನಡಕದಕ್ಕ ಬಗ್ಗಿ ಚೆಂಡು ಎತ್ತಿಕೊಂಡಳು, ಕೊಡಲಿಲ್ಲ.

“ಇದಕ್ಕೂ ಮುಂಚೆ ಎಲ್ಲಿದ್ರಿ?”

“ಸಿಮೆಂಟ್ ಕಂಪನಿಲಿ. ಎಂಟು ವರ್ಷ.”

“ಓ, ಕಂಪನಿ ಟೀಮು! ಅಲ್ಲೂ ಇದೇ ಕೆಲಸಾನಾ?”

ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ಮುಖ. “ರೀ, ನೀವು ಏನೋ ತಪ್ಪು ತಿಳ್ಕೊಂಡಿದೀರಿ, ನಾನು ನಿಜವಾಗಿ...”

ದೂರದಿಂದ ಕೋಚ್ ಸೀಟಿ ಊದಿದರು. “ಚೆಂಡು ತರೋಕೆ ಹೋದೋನು ಸಂಸಾರ ಹೂಡ್ದಾ ಅಲ್ಲಿ?”

ಅವನ ಕಿವಿ ಕೆಂಪಾಯಿತು. ಚೆಂಡು ಇಸಿದುಕೊಳ್ಳುವಾಗ ಅವನ ದಪ್ಪ ಗ್ಲೌಸಿನೊಳಗೆ ಅವಳ ಬೆರಳು ಒಂದಿಷ್ಟು ಸಿಕ್ಕಿಕೊಂಡವು. ಬಿಡಿಸಿಕೊಳ್ಳುವ ಅವಸರ ಇಬ್ಬರಿಗೂ ಇದ್ದಂತೆ ಕಾಣಲಿಲ್ಲ.

ಮರುದಿನದಿಂದ ಚೆಂಡುಗಳು ಯಾಕೋ ಬೇಲಿಯ ಆ ತುದಿಗೇ ಹೆಚ್ಚು ಉರುಳತೊಡಗಿದವು.

“ನಿನ್ನ ಹೀರೋ ಚೆಂಡು ಬಂದರೆ ಕಣ್ಣು ಮುಚ್ಚುತಾನೆ,” ಎಂದರು ಚಿಕ್ಕಪ್ಪ ಒಂದು ದಿನ. “ನಾನು ಸೋಡಾಬುಡ್ಡಿ ಕನ್ನಡಕದವನು. ನನಗೇ ಕಾಣ್ಸುತ್ತೆ. ನಿನಗೆ ಕಾಣ್ಸಲ್ವಾ?”

ಕಂಡಿತ್ತು. ಅವಳಿಗೆ ಅದೇ ಚಿಂತೆಯಾಗಿತ್ತು. ಬೇಲಿಯ ಹತ್ತಿರ ಬಂದವನಿಗೆ, “ನಾಳೆ ಸಾಯಂಕಾಲ ನಾಲ್ಕಕ್ಕೆ ಅಂಗಡಿಗೆ ಬನ್ನಿ. ಕಣ್ಣು ಟೆಸ್ಟ್ ಮಾಡ್ಬೇಕು,” ಎಂದು ಅಪ್ಪಣೆ ಮಾಡಿದಳು.

ಅವನು ಬಂದ. ತಲೆಗೆ ನೀರು ಹಾಕಿ ಬಾಚಿಕೊಂಡು, ಇಸ್ತ್ರಿಯ ಗೆರೆ ಮುರಿಯದ ಶರ್ಟು ಹಾಕಿಕೊಂಡು ಬಂದಿದ್ದ. ಒಳಗಿನ ಪುಟ್ಟ ಕೋಣೆಯಲ್ಲಿ ದೀಪ ಆರಿಸಿ, ಅಕ್ಷರದ ಬೋರ್ಡಿಗೆ ಮಾತ್ರ ಬೆಳಕು ಬಿಟ್ಟು, ಅವಳು ಅವನ ಬಲಗಣ್ಣು ಮುಚ್ಚಿದಳು.

“ಕೊನೇ ಸಾಲು ಓದಿ.”

ಓದಿದ.

“ಇನ್ನೊಂದು ಕಣ್ಣಲ್ಲಿ.”

“ಓದಿದೆ. ಅದರ ಕೆಳಗೆ ಪ್ರಿಂಟಿಂಗ್ ಪ್ರೆಸ್ಸಿನ ಹೆಸರು, ಫೋನ್ ನಂಬರೂ ಇದೆ. ಅದನ್ನೂ ಓದ್ಲಾ?”

ಅವಳಿಗೆ ನಗು ತಡೆಯಲಾಗಲಿಲ್ಲ. ಟಾರ್ಚು ಹಿಡಿದು ಹತ್ತಿರ ಬಗ್ಗಿದಳು. ದಿನಕ್ಕೆ ಇಪ್ಪತ್ತು ಜೊತೆ ಕಣ್ಣು ನೋಡುವವಳು. ಕಣ್ಣೆಂದರೆ ಅವಳಿಗೆ ಬಡಗಿಗೆ ಮರವಿದ್ದಂತೆ, ಕೆಲಸದ ಸಾಮಾನು. ಇವತ್ತು ಮಾತ್ರ ಏನು ನೋಡಲು ಬಂದೆ ಎನ್ನುವುದೇ ಮರೆತುಹೋಯಿತು. ಜೇನಿನ ಬಣ್ಣದ ಕಣ್ಣು. ರೆಪ್ಪೆಯ ತುದಿಯಲ್ಲೊಂದು ಹಳೇ ಗಾಯದ ಗೆರೆ. ಅವನು ಉಸಿರು ಬಿಗಿಹಿಡಿದು ಕೂತಿದ್ದ.

“ದೃಷ್ಟಿ ಹದ್ದಿನ ಥರ ಇದೆ,” ಅವಳು ಹಿಂದೆ ಸರಿದು ಹೇಳಿದಳು. “ಮತ್ತೆ ಚೆಂಡು ಬಂದಾಗ ಯಾಕೆ ಕಣ್ಣು ಮುಚ್ತೀರಾ?”

“ಭಯ ಆಗುತ್ತೆ.”

ಎಷ್ಟೋ ಆಟಗಾರರ ಬಡಾಯಿ ಕೇಳಿದ್ದಳು ಅವಳು. ಹೀಗೆ ಸೀದಾ ಹೇಳಿದವನನ್ನು ಇದುವರೆಗೆ ಕಂಡಿರಲಿಲ್ಲ. ಎದೆಯೊಳಗೆ ಏನೋ ಬೆಣ್ಣೆಯಂತೆ ಕರಗಿತು.

“ನಾನು ನಿಮಗೊಂದು ಮಾತು ಹೇಳ್ಬೇಕು,” ಎಂದ ಅವನು, ಕುರ್ಚಿಯ ತುದಿಗೆ ಬಂದು.

“ಬೇಡ!” ಅವಳು ಕೈ ಅಡ್ಡ ಹಿಡಿದಳು. “ಈಗ ಬೇಡ. ಸೆಲೆಕ್ಷನ್‌ಗೆ ಮುಂಚೆ ಮನಸ್ಸು ಆ ಕಡೆ ಈ ಕಡೆ ಹೋಗ್ಬಾರದು. ಶನಿವಾರ ಲಿಸ್ಟ್ ಹಾಕ್ತಾರಲ್ಲ, ಆಮೇಲೆ ಹೇಳಿ. ಏನಿದ್ದರೂ ಕೇಳ್ತೀನಿ.”

ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನಂತೆ ಅವನು ಎದ್ದು ಹೋದ.

ಶನಿವಾರ ಹತ್ತಿರ ಬಂದಂತೆಲ್ಲ ಕನ್ನಡಕದಕ್ಕನಿಗೆ ಊಟ ಸೇರದಾಯಿತು. ಅವನನ್ನು ಆರಿಸದಿದ್ದರೆ? ಚೀಲ ಹೆಗಲಿಗೆ ಹಾಕಿಕೊಂಡು ಯಾವುದೋ ಊರಿಗೆ, ಯಾವುದೋ ಬೇರೆ ಟೀಮಿಗೆ ಹೊರಟುಹೋಗುತ್ತಾನೆ. ಬೇಲಿಯ ಈಚೆ ನಿಂತವಳ ನೆನಪು ಅವನಿಗೆ ಎಷ್ಟು ದಿನ ಇದ್ದೀತು?

ಅವಳು ಸುಮ್ಮನೆ ಕೂರುವವಳಲ್ಲ. ಅಂಗಡಿಯ ಲೆಟರ್‌ಹೆಡ್ಡಿನಲ್ಲೇ ಕೋಚ್‌ಗೆ ಒಂದು ಮನವಿ ಬರೆದಳು. ‘ನಂಬರಿಲ್ಲದ ಎತ್ತರದ ಗೋಲ್‌ಕೀಪರನ್ನು ದಯವಿಟ್ಟು ಉಳಿಸಿಕೊಳ್ಳಿ. ಅವರ ಧೈರ್ಯ, ಶಿಸ್ತು ನಮಗೆಲ್ಲ ಮೆಚ್ಚುಗೆಯಾಗಿದೆ.’ ಎರಡು ದಿನದಲ್ಲಿ ನಲವತ್ತಮೂರು ಜನರ ಸಹಿ ಬಿತ್ತು. ಚಿಕ್ಕಪ್ಪ ಮಾತ್ರ ಸಹಿ ಹಾಕುವ ಮುಂಚೆ ತಲೆ ಕೆರೆದುಕೊಂಡರು. “ಹುಡುಗ ಒಳ್ಳೆಯವನೇ. ಆದ್ರೆ ಗೋಲಿಗೆ ಬೇಕಾಗಿರೋದು ಒಳ್ಳೆತನ ಅಲ್ವಲ್ಲೇ!”

“ಚಿಕ್ಕಪ್ಪಾ!”

“ಆಯ್ತು, ಆಯ್ತು. ಪೆನ್ನು ಕೊಡು.”

ಶನಿವಾರ ಗೇಟಿನ ಪಕ್ಕ ಲಿಸ್ಟು ಅಂಟಿಸಿದರು. ಗೋಲ್‌ಕೀಪರ್ ಎಂಬುದರ ಕೆಳಗೆ ಎರಡೇ ಹೆಸರು. ಎರಡೂ ಹಳಬರದು. ಕನ್ನಡಕದಕ್ಕ ಮೂರು ಸಲ ಓದಿದಳು. ಆಮೇಲೆ ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿಕೊಂಡವಳಂತೆ ಸೀದಾ ಮೈದಾನದೊಳಗೆ ನುಗ್ಗಿ ಕೋಚ್‌ನ ಕೈಗೆ ಕಾಗದ ಕೊಟ್ಟಳು. ಹಿಂದೆ ನಲವತ್ತಮೂರು ಸಹಿಗಳೂ ಕಾಲುಬಂದಂತೆ ನಿಂತಿದ್ದವು.

ಕೋಚ್ ಓದಿದರು. ಮತ್ತೊಮ್ಮೆ ಓದಿದರು. “ಎತ್ತರದ ಗೋಲ್‌ಕೀಪರ್ ಅಂದ್ರೆ... ನಮ್ಮ ಡ್ರೈವರ್ರಾ?”

“ಯಾವ ಡ್ರೈವರ್?”

“ಹೊಸ ಬಸ್ಸಿನ ಡ್ರೈವರ್ರು ಕಣಮ್ಮಾ. ನಮ್ಮ ಎರಡನೇ ಗೋಲ್‌ಕೀಪರ್‌ಗೆ ಬೆರಳು ಉಳುಕಿತ್ತು. ಹುಡುಗರಿಗೆ ಒದೆಯೋಕೆ ಎದುರಿಗೊಬ್ಬ ಬೇಕಲ್ಲ, ಸುಮ್ಮನೆ ಕೂತಿದ್ದೋರನ್ನ ನಿಲ್ಲಿಸಿದ್ವಿ.”

ಮೊದಲು ನಕ್ಕಿದ್ದು ಕ್ಯಾಪ್ಟನ್. “ಇವರು ಟೀಮಿಗೆ ಬಂದ್ರೆ ಬಸ್ಸು ಯಾರು ಓಡಿಸ್ತಾರೆ ಅಕ್ಕಾ? ನೀವಾ?” ಆಮೇಲೆ ಮೈದಾನಕ್ಕೆ ಮೈದಾನವೇ ನಕ್ಕಿತು.

ನಗದಿದ್ದವನು ಒಬ್ಬನೇ. ಒಂದು ಕೈಯಲ್ಲಿ ಗ್ಲೌಸು, ಇನ್ನೊಂದರಲ್ಲಿ ಬಸ್ಸಿನ ಕೀಲಿಗೊಂಚಲು ಹಿಡಿದು, ಬಣ್ಣ ಇಳಿದ ಮುಖದಲ್ಲಿ ಅವಳನ್ನೇ ನೋಡುತ್ತ ನಿಂತಿದ್ದ. ಅವಳು ಅವನ ಕಡೆ ತಿರುಗದೆ ಹೊರಟುಹೋದಳು.

ಮೂರು ದಿನ ಅವಳು ಮೈದಾನದ ಕಡೆ ತಲೆ ಹಾಕಲಿಲ್ಲ. ಜನ ಬಿಡಬೇಕಲ್ಲ. ಬೇಕರಿಯವರು ಫೋನ್ ಮಾಡಿ, “ನಮ್ಮ ಬೀದಿ ಕಸದ ಗಾಡಿಯವರೂ ಚೆನ್ನಾಗಿ ಒದೀತಾರಂತೆ, ಎಲ್ಲಿ ಸಹಿ ಹಾಕ್ಬೇಕು?” ಎಂದು ಕೇಳಿದರು. ಊರಿನವರ ಕಣ್ಣು ತಿದ್ದುವವಳು ಕಣ್ಣಿದ್ದೂ ಕುರುಡಿಯಾದಳು ಎಂದು ಗಿರಾಕಿಗಳೂ ಮುಸಿಮುಸಿ ನಕ್ಕರು.

ನಾಲ್ಕನೇ ದಿನ ಮಧ್ಯಾಹ್ನ ಅಂಗಡಿಯ ಬಾಗಿಲು ತಳ್ಳಿಕೊಂಡು ಅವನು ಬಂದ. ನೀಲಿ ಯೂನಿಫಾರ್ಮು, ಎದೆಯ ಮೇಲೆ ಬ್ಯಾಡ್ಜು.

“ಒಳಗೆ ಒಂದಷ್ಟು ಫ್ರೇಮು ಒರೆಸೋದಿತ್ತು,” ಎನ್ನುತ್ತ ಚಿಕ್ಕಪ್ಪ ಎದ್ದು ಹೋದರು. ಪರದೆ ಪೂರ್ತಿ ಎಳೆಯಲಿಲ್ಲ.

“ಕಣ್ಣು ಟೆಸ್ಟ್ ಮಾಡಿಸ್ಬೇಕಾ?” ಅವಳು ತಲೆ ಎತ್ತದೆ ಕೇಳಿದಳು.

“ಕ್ಷಮೆ ಕೇಳ್ಬೇಕು. ಹೇಳೋಕೆ ಬಂದಿದ್ದೆ ಅವತ್ತು. ನೀವೇ ಬೇಡ ಅಂದ್ರಿ.”

“ಅದಕ್ಕೂ ಮುಂಚೆ ಹತ್ತು ದಿನ ಇತ್ತು! ಹತ್ತು ದಿನ ನಿಮ್ಮ ಬಾಯಿಗೇನು ಬೀಗ ಹಾಕಿತ್ತಾ?”

“ಇಲ್ಲ.” ಅವನು ಟೋಪಿ ತೆಗೆದು ಕೌಂಟರಿನ ಮೇಲಿಟ್ಟ. “ಮೊದಲನೇ ದಿನ ಚೆಂಡು ಹೊಟ್ಟೆಗೆ ಬಡಿದಾಗ ನೀವು ಎದ್ದು ಚಪ್ಪಾಳೆ ತಟ್ಟಿದ್ರಿ. ಹದಿನಾಲ್ಕು ವರ್ಷದಿಂದ ಗಾಡಿ ಓಡಿಸ್ತಿದೀನಿ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗಿರುತ್ತೆ ಹೇಳಿ? ಬ್ಯಾಗ್ ತಗೋತಾರೆ, ಇಳೀತಾರೆ. ಮಾರನೇ ದಿನವೇ ಕೋಚ್ ನನಗೆ, ‘ನೀವು ನಿಂತಿದ್ದು ಸಾಕು, ಬೇರೆಯವರನ್ನ ನಿಲ್ಲಿಸ್ತೀವಿ’ ಅಂದಿದ್ರು. ನಾನೇ ಕೇಳ್ಕೊಂಡು ನಿಂತೆ.”

“ಭಯ ಇಟ್ಕೊಂಡು?”

“ಭಯ ಇಟ್ಕೊಂಡೇ. ನೋಡಿ.” ಅಂಗಿಯ ತೋಳು ಮೇಲಕ್ಕೆ ಮಡಿಸಿದ. ಮುಂಗೈಯಿಂದ ಮೊಣಕೈವರೆಗೆ ಕಂದಿದ ಗುರುತು, ಹಳದಿ, ನೀಲಿ, ನೇರಳೆ. “ಹತ್ತನೇ ನಂಬರಿನವರದು ಇದು. ಇದು ಕ್ಯಾಪ್ಟನ್‌ದು. ನೀವು ಮೊದಲನೇ ಸಾಲಲ್ಲಿ ಕೂತಿರ್ತೀರಲ್ಲ, ಅಷ್ಟಕ್ಕೆ ತಿಂದಿದ್ದು.”

ಕನ್ನಡಕದಕ್ಕ ಆ ತೋಳನ್ನು ನೋಡಿದಳು. ಮೂರು ದಿನ ಹೊಲಿದುಕೊಂಡಿದ್ದ ಸಿಟ್ಟಿನ ದಾರ ಅಲ್ಲೊಂದು ಕಡೆ ಪಟ್ಟನೆ ಕಿತ್ತಿತು.

“ನೀವು ಡ್ರೈವರ್ ಅಂತ ನನಗೆ ಬೇಜಾರಲ್ಲ,” ಅವಳ ದನಿ ಏರಿತು. “ಜನ ನಕ್ಕರು ಅಂತಾನೂ ಅಲ್ಲ. ನಕ್ಕೊಳ್ಳಲಿ, ಅವರ ಹಲ್ಲು, ಅವರ ಬಾಯಿ. ನೀವು ಊರು ಬಿಟ್ಟು ಹೋಗ್ತೀರಾ ಅಂತ ಶುಕ್ರವಾರ ಇಡೀ ದಿನ ಅತ್ತಿದೀನಿ ನಾನು. ನೀವು ನೋಡಿದ್ರೆ ಎಲ್ಲಿಗೂ ಹೋಗ್ತಾನೇ ಇರಲಿಲ್ಲ!”

ಹೇಳಿದ ಮೇಲೆ ಏನು ಹೇಳಿದೆ ಎಂಬುದು ಅವಳಿಗೇ ಕೇಳಿಸಿತು. ಗೋಡೆಯ ಕನ್ನಡಿಗಳಲ್ಲೆಲ್ಲ ಒಂದೇ ಸಲ ಹತ್ತಾರು ಕನ್ನಡಕದಕ್ಕಂದಿರು ಕೆಂಪಾದರು.

“ಅತ್ರಾ?” ಎಂದ ಅವನು ಮೆಲ್ಲಗೆ.

“ಲೆನ್ಸು ಉಜ್ಜೋ ಧೂಳು.”

ಪರದೆಯ ಹಿಂದೆ ಚಿಕ್ಕಪ್ಪ ಕೆಮ್ಮಿದರು.

“ಇನ್ನೇನಾದರೂ ಮುಚ್ಚಿಟ್ಟಿದೀರಾ?” ಅವಳು ಮೂಗು ಒರೆಸಿಕೊಂಡು ಕೇಳಿದಳು. “ಇದ್ದರೆ ಈಗಲೇ ಹೇಳಿಬಿಡಿ.”

ಅವನು ನೆಲ ನೋಡಿದ. “ಒಂದಿದೆ. ಆಫ್‌ಸೈಡ್ ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲ. ಮ್ಯಾಚ್ ನಡೆಯುವಾಗ ನಾನು ಬಸ್ಸಿನ ಹಿಂದಿನ ಸೀಟಲ್ಲಿ ಮಲಗಿರ್ತೀನಿ.”

ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ಮೊದಲನೆಯ ಸುಳ್ಳನ್ನು ಹೇಗೋ ತಡೆದುಕೊಂಡಿದ್ದಳು. ಇದನ್ನು ತಡೆದುಕೊಳ್ಳುವುದು ಕಷ್ಟ. “ಮಲಗ್ತೀರಾ? ನಮ್ಮ ಟೀಮು ಆಡ್ತಿರುವಾಗ?”

“ಇನ್ನು ಮಲಗಲ್ಲ.”

“ಬನ್ನಿ ಇಲ್ಲಿ.” ಅವಳು ಕೌಂಟರಿನ ಮೇಲೆ ನಾಲ್ಕು ಫ್ರೇಮು ಸಾಲಾಗಿ ಇಟ್ಟಳು. “ಇವರು ಎದುರು ಪಾರ್ಟಿಯ ಡಿಫೆಂಡರ್‌ಗಳು. ಹಿಂದೆ ಈ ಡಬ್ಬಿ ಗೋಲ್‌ಕೀಪರ್. ನಿಮ್ಮವನು ಚೆಂಡು ಒದೆಯೋಕೆ ಮುಂಚೇನೇ ನೀವು ಈ ಸಾಲು ದಾಟಿ ಹೋಗಿ ನಿಂತ್ಕೋಬಾರದು. ಹಾಗೆ ನಿಂತು ಚೆಂಡು ಇಸ್ಕೊಂಡ್ರೆ ಸೀಟಿ ಊದ್ತಾರೆ.”

“ಅಂದ್ರೆ ಕಾಯ್ಬೇಕು.”

“ಹೂಂ. ಕಾಯೋದೇ ಕಷ್ಟ ಇರೋದು.”

“ಭಾನುವಾರ ಮೊದಲನೇ ಮ್ಯಾಚು,” ಎಂದ ಅವನು. “ಒಂದೂವರೆ ಗಂಟೆ ನನಗೆ ಬಿಡುವು. ನಿಮ್ಮ ಪಕ್ಕ ಜಾಗ ಇರುತ್ತಾ?”

“ಪಕ್ಕದಲ್ಲಿ ಚಿಕ್ಕಪ್ಪ ಕೂರ್ತಾರೆ.”

“ನಾನು ಹಿಂದಿನ ಸಾಲಿಗೆ ಹೋಗ್ತೀನಿ!” ಪರದೆಯ ಒಳಗಿಂದ ದನಿ ಬಂತು. “ಮತ್ತೆ ಮಧ್ಯದಲ್ಲಿ ಹದಿನೈದು ನಿಮಿಷ ಹಾಫ್‌ಟೈಮ್ ಇರುತ್ತೆ, ಅದನ್ನೂ ಸೇರಿಸ್ಕೊಳ್ಳಿ!”

ಅವಳು ನಕ್ಕಳು. ಅವನೂ ನಕ್ಕ. ನಗುವಿನಲ್ಲಿ ಕೌಂಟರು ಅಲುಗಿ ಎರಡನೇ ಡಿಫೆಂಡರ್ ಸಾಲಿನಿಂದ ಜಾರಿತು. ಅದನ್ನು ಸರಿಪಡಿಸಲು ಅವಳು ಕೈ ಚಾಚಿದರೆ, ಅವನ ಕೈ ಅವಳಿಗಿಂತ ಮುಂಚೆಯೇ ಅಲ್ಲಿ ಹೋಗಿ ಕೂತಿತ್ತು.

ನಿಯಮದ ಪ್ರಕಾರ ಸೀಟಿ ಊದಬೇಕಿತ್ತು. ಅವಳು ಊದಲಿಲ್ಲ.