ಒಳಗೆ ಬಿಡದ ಪುಟ

"ಪಾಸ್‌ವರ್ಡ್ ತಪ್ಪಿಲ್ರಿ ಅಣ್ಣಾರ, ಆಣಿ ಮಾಡಿ ಹೇಳ್ತೀನಿ!" ಎನ್ನುತ್ತ ಶ್ವೇತಾ ಕಂಪ್ಯೂಟರಿನ ಮುಂದೆಯೇ ಅಳಲಾರಂಭಿಸಿದಳು.

೨೦೦೮ರ ಜೂನ್ ತಿಂಗಳು. ಗಜೇಂದ್ರಗಡದ ಪ್ರಭುಲಿಂಗಪ್ಪನ ಅಂಗಡಿಯಲ್ಲಿ ಇಂಟರ್ನೆಟ್ ಇದ್ದದ್ದು ಒಂದೇ ಮಿಷನ್ನಿಗೆ. ಸೂಡಿಯ ಶ್ವೇತಾಳಿಗೆ ನರಗುಂದದ ಖಾಸಗಿ ವಸತಿಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಶಾಲೆಯ ವೆಬ್‌ಸೈಟಿಗೆ ಲಾಗಿನ್ ಆಗಿ 'ಒಪ್ಪಿಗೆ' ಎಂದು ಒತ್ತಬೇಕು. ಇವತ್ತು ಸಂಜೆ ಐದರೊಳಗೆ ಒತ್ತದಿದ್ದರೆ ಕೆಲಸ ಪಟ್ಟಿಯಲ್ಲಿನ ಮುಂದಿನವರ ಪಾಲು. ಮೊದಲ ದಿನ ಪುಟ ಒಳಗೆ ಬಿಟ್ಟಿತ್ತು, ಅಷ್ಟರಲ್ಲಿ ಕರೆಂಟ್ ಹೋಯಿತು. ಅದು ಬಂದ ಮೇಲೆ ಗಂಡ 'ನಾಳೆ ಒತ್ತಿದರಾತು' ಎಂದು ಮನೆಗೆ ಕರೆದೊಯ್ದಿದ್ದ. ಮರುದಿನದಿಂದ ಈ ಗೋಳು: ತಪ್ಪೆಂದೂ ಹೇಳದು, ಒಳಗೂ ಬಿಡದು, ಲಾಗಿನ್ ಪುಟವನ್ನೇ ತಿರುಗಿ ತಂದು ಮುಂದಿಡುತ್ತದೆ. ಹಾಳಾದ್ದು! ಪ್ರಭುಲಿಂಗಪ್ಪನೂ ಹತ್ತು ಸಲ ಒತ್ತಿ ಸೋತಿದ್ದ.

"ಇದು ನಿನ್ನ ಕೈಲೆ ನೀಗೂದಲ್ಲ ಅಂತ ಅವತ್ತ ಹೇಳಿದ್ನೆಲ್ಲ," ಎಂದ ಗಂಡ ದುರಗಪ್ಪ ಮರುಕದಿಂದ. "ರೋಣದಾಗ ಕಂಪ್ಯೂಟರ್ ಕೋರ್ಸ್ ಮಾಡಿದ ನನಗ ತಿಳೀವಲ್ದು. ಆ ಶಬಾನಾನ ಏನರ ಮಾಡಿರಬೇಕು. ಪಟ್ಟಿಯಾಗ ಮುಂದಿನ ಹೆಸರು ಆಕೀದ ಐತಿ."

ಶಬಾನಾ ಶ್ವೇತಾಳ ಬಾಲ್ಯದ ಗೆಳತಿ. ಗಂಡ ಹೀಗೆಂದಾಗಿನಿಂದ ಶ್ವೇತಾ ಅವಳೊಂದಿಗೆ ಮಾತು ಬಿಟ್ಟಿದ್ದಳು.

ಪ್ರಭುಲಿಂಗಪ್ಪ ತಡಮಾಡಲಿಲ್ಲ, ಮಹಡಿ ಹತ್ತಿ ರಸೂಲಬಿಯನ್ನು ಕರೆತಂದ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಮುದುಕಿ. ಊರಲ್ಲಿ ಏನೇ ಕಳುವಾದರೂ ಪೊಲೀಸರಿಗಿಂತ ಮೊದಲು ಆಕೆಗೆ ಹೇಳುವುದು ರೂಢಿ, ಅವಳ ಬೆನ್ನಿಗೆ ಪ್ರಭುಲಿಂಗಪ್ಪ ಇರುವುದೂ ರೂಢಿ.

"ಬ್ಯಾರೆ ಎಲ್ಲೆರ ಲಾಗಿನ್ ಆಗ್ತೈತೇನವಾ?" ಎಂದು ಕೇಳಿದಳು. ಶ್ವೇತಾ ತನ್ನ ಮೇಲ್ ತೆರೆದು ತೋರಿಸಿದಳು. ಮೊದಲ ಸಲಕ್ಕೇ ತೆರೆಯಿತು.

"ಸೈಟಿನ ಹೆಸರು ಎಲ್ಲೆ ಬರಕೊಂಡಿ?"

ಶ್ವೇತಾ ಕಾಗದದ ತುಂಡು ಕೊಟ್ಟಳು. ಇಂಗ್ಲಿಷ್ ಅಕ್ಷರದಲ್ಲಿ 'ನಮ್ಮೂರಸಾಲಿ' ಎಂದು ಬರೆದದ್ದನ್ನು ಹೊಡೆದು ಮೇಲೆ 'ನಮ್ಮೂರಶಾಲೆ' ಎಂದು ತಿದ್ದಲಾಗಿತ್ತು. ತಿದ್ದಿದವನು ಪ್ರಭುಲಿಂಗಪ್ಪನೇ, ಮೊದಲ ದಿನ ತಪ್ಪು ಹೆಸರಿಗೆ ಸೈಟು ತೆರೆದಿರಲಿಲ್ಲ.

ರಸೂಲಬಿ ಸೆಟ್ಟಿಂಗ್ ತೆರೆದು ನೋಡಿ 'ಹೂಂ' ಎಂದಳು. "ಕರೆಂಟ್ ಬಂದಮ್ಯಾಲೆ ಇಲ್ಲಿ ಯಾರ್ಯಾರು ಕುಂತಿದ್ರು, ಪ್ರಭು?"

"ಶ್ವೇತಾ ಝೆರಾಕ್ಸಿಗೆ ಹೋದಾಗ ದುರಗಪ್ಪ ಕ್ರಿಕೆಟ್ ಸ್ಕೋರ್ ನೋಡಿದ್ರಿ. ಸಂಜಿಗೆ ಶಬಾನಾ ಬಂದಿದ್ಲು. ಬ್ಯಾರೆ ಯಾರೂ ಇಲ್ರಿ ಅಕ್ಕಾರ."

"ಆಕೀಗೆ ಫೋನ್ ಹಚ್ಚು. ಲಗೂ ಬಾ ಅನ್ನು."

ನಾಲ್ಕೂಕಾಲಿಗೆ ಶಬಾನಾ ಬಂದಳು. ಶ್ವೇತಾ ಮುಖ ತಿರುಗಿಸಿದಳು. ರಸೂಲಬಿ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿದಳು.

"ಕುಕೀ ಅಂತ ಇರತೈತಿ. ತಿನ್ನೂ ಬಿಸ್ಕೀಟಲ್ಲ, ಚೀಟಿ ಇದ್ದಂಗ. ದವಾಖಾನ್ಯಾಗ ಹೆಸರು ಬರಸಿದ್ರ ಚೀಟಿ ಕೊಡ್ತಾರ, ಒಳಗ ಡಾಕ್ಟರ್ ಅದನ್ನ ಕೇಳ್ತಾರ. ನಡುವ ಯಾರರ ಕಸಗೊಂಡ್ರ? ಮತ್ತ ಹೆಸರು ಬರಸಾಕ ಹೊರಗ ಕಳಸ್ತಾರ. ಶ್ವೇತಾನ ಪಾಸ್‌ವರ್ಡ್ ಖರೇನ ಐತಿ. ಸೈಟ್ ಕೊಟ್ಟ ಚೀಟಿನ ಈ ಮಿಷನ್ ಇಟ್ಕೊಳ್ಳವಲ್ದು. ಎಲ್ಲಾ ಚೀಟಿನೂ ಬ್ಯಾಡ ಅಂದಿದ್ರ ಮೇಲ್ ಸೈತ ತೆರೀತಿರಲಿಲ್ಲ. ಅಂದ್ರ ಯಾರೋ ಈ ಒಂದು ಸೈಟಿನ ಹೆಸರು ಹೊಡದು ಬಂದ್ ಮಾಡ್ಯಾರ."

"ನಾ ಹೇಳಲಿಲ್ಲೇನು?" ದುರಗಪ್ಪ ಶಬಾನಾಳತ್ತ ಕೈ ತೋರಿಸಿದ.

"ಖುದಾನ ಆಣಿ, ನಾ ಅಲ್ರಿ!" ಶಬಾನಾ ಬೆಂಚಿನಿಂದ ಎದ್ದಳು.

"ಬಂದ್ ಮಾಡಿದ ಪಟ್ಟಿಯಾಗ ಎರಡು ಹೆಸರದಾವು," ಎಂದಳು ರಸೂಲಬಿ. "ಒಂದು ಸರಿ, ಒಂದು ತಪ್ಪು. ಮೊದಲು ತಪ್ಪು ಹೊಡದು, ಕೆಲಸ ಆಗಲಿಲ್ಲಂತ ಆಮ್ಯಾಲೆ ಸರೀದು ಹೊಡದಾರ. ಶಬಾನಾ, ನೀ ಹೆಸರು ಎಲ್ಲೆ ನೋಡಿದಿ?"

ಶಬಾನಾ ಚೀಲದಿಂದ ಪೇಪರಿನ ಜಾಹೀರಾತಿನ ಕತ್ತರಿಕೆ ತೆಗೆದಳು. ಅದರಲ್ಲಿ 'ಶಾಲೆ' ಎಂದೇ ಅಚ್ಚಾಗಿತ್ತು.

"ಪಟ್ಟಿಯಾಗಿನ ತಪ್ಪು ಹೆಸರು 'ನಮ್ಮೂರಸಾಲಿ'. ಬಾಯಾಗ ನಾವೆಲ್ಲಾ ಸಾಲಿ ಅಂತೀವಿ. ಆದ್ರ ಸೈಟಿನ ಹೆಸರನ್ನೂ ಹಂಗ ಬರದವರು ಒಬ್ಬರ. ಶ್ವೇತಾ, ನಿನ್ನ ಕಾಗದದಾಗ ಬರದವರು ಯಾರವಾ?"

"ನಮ್ಮವರು," ಎಂದಳು ಶ್ವೇತಾ ಥಟ್ಟನೆ. ಅಂದಮೇಲೆ ತಾನು ಏನೆಂದೆ ಎಂಬುದು ಹೊಳೆದು ಬಾಯಿಗೆ ಸೆರಗು ಒತ್ತಿಕೊಂಡಳು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ಇವನಿಗೆ ಮೂರು ದಿನ ಚಹಾ ತರಿಸಿ ಸಮಾಧಾನ ಹೇಳಿದೆನಲ್ಲ ಎಂದು ಪ್ರಭುಲಿಂಗಪ್ಪನ ಮೈ ಉರಿದುಹೋಯಿತು.

ದುರಗಪ್ಪ ನೆಲ ನೋಡಿದ. "ನೀ ನರಗುಂದದಾಗ ಉಳಕೊಂಡ್ರ ಮಂದಿ ನನಗ ಏನಂದಾರು? ಬ್ಯಾಡ ಅಂದ್ರ ನೀ ಕೇಳ್ತಿದ್ದೇನು?"

ರಸೂಲಬಿ ಎರಡೂ ಹೆಸರುಗಳನ್ನು ಅಳಿಸಿದಳು. ಶ್ವೇತಾ ಮತ್ತೆ ಪಾಸ್‌ವರ್ಡ್ ಹೊಡೆದಳು. ಪುಟ ತೆರೆಯಿತು. ನಾಲ್ಕೂವರೆಗೆ 'ಒಪ್ಪಿಗೆ' ಒತ್ತಿದಳು.

"ತಪ್ಪಾತು ಶಬಾನಾ," ಎಂದು ಗೆಳತಿಯ ಕೈ ಹಿಡಿದವಳು ಗಂಡನತ್ತ ತಿರುಗಿದಳು.

"ಬ್ಯಾಡ ಅಂದಿದ್ರ ಜಗಳಾ ಆಡ್ತಿದ್ದೆ, ಅಷ್ಟ. ಮೂರು ದಿನ ನಾನ ದಡ್ಡಿ ಅಂತ ಅತ್ತೆ. ನೀವು ಬಾಜೂಕ ನಿಂತು ಕಣ್ಣೀರು ಒರಸಿದ್ರಿ. ಹೆಂಗರ ಮನಸ್ಸು ಬಂತ್ರಿ ನಿಮಗ?"

ದುರಗಪ್ಪ ಬೈಕಿನ ಕೀಲಿ ತೆಗೆದುಕೊಂಡು ಬಾಗಿಲಲ್ಲಿ ಕಾದು ನಿಂತ.

"ನೀವು ಹೋಗ್ರಿ," ಎಂದಳು ಶ್ವೇತಾ. "ನಾ ಈಕಿ ಜೋಡಿ ಬಸ್ಸಿಗೆ ಬರ್ತೀನಿ."