ಒದ್ದೆ ಬೆಂಚಿಗೆ ಬಳಿದ ವಾರ್ನಿಷ್

"ಒದ್ದೆ ಮರಕ್ಕೆ ವಾರ್ನಿಷ್ ಬಳೀಬೇಡ ಕಣೇ. ಬೇಕಾದ್ರೆ ನಿನ್ನ ಕಾಲಿಗೆ ಬೀಳ್ತೀನಿ."

ಅತ್ತೆ ಹಾಗೆ ಅಂದಾಗ ಸೊಸೆ ನಕ್ಕೇಬಿಟ್ಟಳು. ಸೊಸೆ ಅಂದರೆ ಎರಡನೆಯವಳು. ಮೊದಲನೆಯವಳು ಸತ್ತ ಮೇಲೆ ಈ ಮನೆಗೆ ಬಂದವಳು. ಬಂದ ದಿನದಿಂದ ಅವಳಿಗೆ ಮೈಯೆಲ್ಲ ಉರಿ. ಅಡುಗೆಮನೆಯ ಡಬ್ಬಿಗಳು ಮೊದಲನೆಯವಳವು, ಬೀರುವಿನ ಬೀಗದ ಕೈ ಮೊದಲನೆಯವಳದು, ಹಿತ್ತಿಲಿನ ಮರದ ಬೆಂಚೂ ಅವಳದೇ ಅಂತೆ. ಇದ್ದವಳಿಗೆ ಹೆದರಬಹುದು, ಸತ್ತವಳು ಕೂರುತ್ತಿದ್ದ ಜಾಗಕ್ಕೂ ಹೆದರಿಕೊಂಡು ಬಾಳಬೇಕೇ? ಇದ್ಯಾವ ಸೀಮೆ ನ್ಯಾಯ!

ಆ ಬೆಂಚಿನ ತುಂಬ ಬೂಷ್ಟು. ಕಪ್ಪು, ನಡುನಡುವೆ ಹಸಿರು, ಮುಟ್ಟಿದರೆ ಲೋಳೆ. ಹತ್ತಿರ ಹೋದರೆ ಒದ್ದೆ ಬಟ್ಟೆ ಮುದುರಿ ಇಟ್ಟು ಮರೆತ ವಾಸನೆ. ಮಳೆ ನಿಂತಾಗಲೆಲ್ಲ ಅತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಕೂರುತ್ತಿದ್ದಳು. ವಿನೆಗರ್ ಬೆರೆಸಿದ ನೀರಿನಲ್ಲಿ ಬ್ರಶ್ ಅದ್ದಿ, ಮರದ ಎಳೆ ಹೋದ ಕಡೆಗೇ ಮೆತ್ತಗೆ ಉಜ್ಜುತ್ತಿದ್ದಳು. ತೊಳೆದು ಬಿಸಿಲಿಗೆ ಎಳೆದು, ಒಳಗಿನ ತೇವವೆಲ್ಲ ಹೋಗುವವರೆಗೂ ಕಾಯುತ್ತಿದ್ದಳು. ಆಮೇಲೆ ತೆಳ್ಳಗೆ ಅಗಸೆ ಎಣ್ಣೆ ಸವರಿ, ಕಾಲುಗಳು ಮಣ್ಣಿಗೆ ತಾಕದ ಹಾಗೆ ಇಟ್ಟಿಗೆಯ ಮೇಲೆ ನಿಲ್ಲಿಸುತ್ತಿದ್ದಳು. 

ಈ ಸಲ ಬಿಸಿಲೇ ಬೀಳಲಿಲ್ಲ. ಸೊಸೆ ರೋಸಿಹೋಗಿ ತಾನೇ ಕೂತು ತಿಕ್ಕಿದಳು. ಬೆಂಚು ಬಿಳುಪಾಯಿತು. ಬೆಳಗ್ಗೆ ಎದ್ದು ನೋಡಿದರೆ ಬೂಷ್ಟು ಮತ್ತೆ ಹಾಜರು. ಎಲ್ಲೆಂದರಲ್ಲಿ ಅಲ್ಲ. ಒರಗುವ ಹಲಗೆಯ ಮೇಲೆ ಒಂದು ಬೆನ್ನು. ಕೂರುವ ಹಲಗೆಯ ಮೇಲೆ ಎರಡು ತೊಡೆ. ಕೈ ಇಡುವಲ್ಲಿ ಐದೈದು ಬೆರಳು.

ಯಾರೋ ಕೂತು ಎದ್ದು ಹೋದ ಹಾಗೆ.

"ನೋಡೇಬಿಡೋಣ, ನೀನಾ ನಾನಾ," ಎಂದು ಅವಳು ಬೆಂಚಿಗೇ ಸವಾಲು ಹಾಕಿದಳು. ಗಂಡನಿಗೆ ಹೇಳಿದ್ದೇ ತಡ, ಅವನು ವಾರ್ನಿಷ್ ಡಬ್ಬಿ ತಂದಿಟ್ಟ. ಒಂದು ಮೊಳೆ ತರಲು ತಿಂಗಳುಗಟ್ಟಲೆ ಸತಾಯಿಸುವವನು!

"ನೀನೇ ಬಳಿ. ನಿನ್ನ ಕೈಯಾರೆ ಬಳಿ," ಎಂದ. "ಒಂದು ಬಿರುಕೂ ಬಿಡಬೇಡ."

ಬಳಿದಳು. ಅತ್ತೆ ಬೇಡಿಕೊಂಡಷ್ಟೂ ದಪ್ಪಗೆ ಬಳಿದಳು. ಬ್ರಶ್ ಆಡಿಸಿದ ಕಡೆಯೆಲ್ಲ ಮರದೊಳಗಿಂದ ಗುಳ್ಳೆ ಎದ್ದವು. ಒಂದು ಉಬ್ಬಿತು, ಒಡೆಯಿತು. ಇನ್ನೊಂದು ಉಬ್ಬಿತು. ಬಾಯಿ ಮುಚ್ಚಿದಾಗ ಉಸಿರು ಬೆರಳ ಸಂದಿಯಲ್ಲಿ ನುಸುಳುತ್ತದಲ್ಲ, ಹಾಗೆ. ಸೊಸೆ ಹಲ್ಲು ಕಚ್ಚಿ ಒಂದೊಂದನ್ನೂ ಬ್ರಶ್ಶಿನಿಂದ ಒತ್ತಿ ಅಡಗಿಸಿದಳು. ಕೊನೆಗೆ ಬೆಂಚು ಕನ್ನಡಿಯಂತೆ ಹೊಳೆಯಿತು. ಅತ್ತೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಅನ್ನ ಬಾಯಿಗಿಟ್ಟರೆ ಬೂಷ್ಟಿನ ರುಚಿ. ಉಗಿದು ಬೇರೆ ಬಡಿಸಿಕೊಂಡಳು. ಅದಕ್ಕೂ ಅದೇ ರುಚಿ. ಆಮೇಲೆ ಗೊತ್ತಾಯಿತು, ಆ ರುಚಿ ತಟ್ಟೆಯಿಂದ ಬರುತ್ತಿಲ್ಲ, ತನ್ನ ಗಂಟಲಿನಿಂದಲೇ ಬರುತ್ತಿದೆ. ಕೆಮ್ಮು ಶುರುವಾಯಿತು. ಹೊಟ್ಟೆಯ ತಳದಿಂದ ಬರುವ ಕೆಮ್ಮು. ಹಿತ್ತಿಲಿಗೆ ಓಡಿ ಉಗಿದಳು. ಕಪ್ಪು, ನಡುನಡುವೆ ಹಸಿರು.

ಅತ್ತೆ ಬಿಸಿನೀರು ಹಿಡಿದು ಹಿಂದೆಯೇ ಬಂದಳು, ಬೆನ್ನು ಸವರಿದಳು. ಅಷ್ಟರಲ್ಲಿ ಬಾಗಿಲಲ್ಲಿ ಗಂಡ ಕಾಣಿಸಿಕೊಂಡ. ಕೆಮ್ಮುವ ಹೆಂಡತಿಯನ್ನು ನೋಡಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಹೊತ್ತ ಮೂಟೆ ಇಳಿಸಿದವನ ನಿರಾಳ ಇತ್ತು.

"ಅಲ್ಲೇ ಕೂತ್ಕೊ. ಕೆಮ್ಮನ್ನ ಮನೆಯೊಳಗೆ ತರಬೇಡ."

"ರೀ, ಏನು ಮಾತಾಡ್ತಿದೀರ?"

"ಅಮ್ಮಾ, ನೀನೂ ಅವಳನ್ನ ಮುಟ್ಟಿದೀಯ. ನೀನೂ ಅಲ್ಲೇ ಇರು."

ಬಾಗಿಲು ಮುಚ್ಚಿತು. ಬೋಲ್ಟ್ ಬಿದ್ದ ಸದ್ದು. ಆ ಸದ್ದಿಗೆ ಅತ್ತೆ ಪೆಟ್ಟು ತಿಂದವಳಂತೆ ಕುಸಿದು ಕೂತಳು.

"ಅವಳಿಗೂ ಹೀಗೇ ಮಾಡಿದ," ಎಂದಳು. "ಅವಳಿಗೂ ಕೆಮ್ಮು ಬಂದಿತ್ತು. ಈ ಬೆಂಚಿನ ಮೇಲೆ ಕೂರಿಸಿ ಬೋಲ್ಟ್ ಹಾಕಿದ. ಹೊರಗೆ ಮಳೆ, ಸುತ್ತ ಎತ್ತರದ ಗೋಡೆ. ಬಾಗಿಲು ಬಡೀತಾನೇ ಇದ್ಲು. ನಾನು ಒಳಗೆ ಕಿವಿ ಮುಚ್ಕೊಂಡು ಕೂತಿದ್ದೆ, ಪಾಪಿ ನಾನು."

"ಆಸ್ಪತ್ರೇಲಿ ಸತ್ತಳು ಅಂದ್ರಿ!"

"ಇಲ್ಲೇ ಸತ್ತಳು. ನನ್ನ ಉಸಿರು ಕಟ್ಟಿದವನ ಉಸಿರು ಕಟ್ಟಲಿ ಅಂತ ಶಾಪ ಹಾಕಿ ಸತ್ತಳು. ಇವನು ಹೆದರಿ ಮಾಟಗಾರನ್ನ ಕರೆಸಿದ. ಅವನು ಅವಳ ಕೂದಲು ಸುತ್ತಿ ಬೆಂಚಿನ ಅಡಿಗೆ ಮೊಳೆ ಹೊಡೆದ. ಮರಕ್ಕೆ ಗಾಳಿ ಬಿಸಿಲು ಸಿಗ್ತಾ ಇರೋವರೆಗೂ ಅವಳು ಇಲ್ಲೇ ಇರ್ತಾಳೆ, ಮರದ ಉಸಿರು ಮುಚ್ಚಿದ್ರೆ ಮುಚ್ಚಿದವರ ಎದೆ ಹೊಕ್ತಾಳೆ ಅಂದ."

ಸೊಸೆಯ ಕೆಮ್ಮು ಒಂದು ಗಳಿಗೆ ನಿಂತಿತು. "ಇದು ಅವರಿಗೆ ಗೊತ್ತಿತ್ತಾ?"

ಅತ್ತೆ ತಲೆ ತಗ್ಗಿಸಿದಳು. ನಿನ್ನ ಕೈಯಾರೆ ಬಳಿ ಅಂದಿದ್ದ. ಒಂದು ಬಿರುಕೂ ಬಿಡಬೇಡ ಅಂದಿದ್ದ. ತನ್ನ ತಲೆಯ ಮೇಲಿನ ಶಾಪವನ್ನು ಇವಳ ತಲೆಗೆ ಸಾಗಿಸಲಿಕ್ಕೆ. ಮದುವೆಯಾದದ್ದೂ ಇದಕ್ಕೇ ಇರಬೇಕು, ಮನೆಹಾಳ!

ಇಷ್ಟು ದಿನ ಸತ್ತವಳ ಮೇಲೆ ಕಾರಿದ ಕೋಪಕ್ಕೆ ಅವಳಿಗೇ ನಾಚಿಕೆಯಾಯಿತು. ಆ ಕೋಪ ಒಮ್ಮೆಲೇ ಬಾಗಿಲ ಕಡೆ ತಿರುಗಿತು. ಬೂಷ್ಟು ಕೆರೆಯಲೆಂದು ಇಟ್ಟಿದ್ದ ಮೊಂಡು ಚಾಕು ಅಲ್ಲೇ ಬಿದ್ದಿತ್ತು. ತೆಗೆದುಕೊಂಡಳು. ಬೆಂಚನ್ನು ಮಗುಚಿ ಹಾಕಿದಳು. ಅಡಿಯಲ್ಲಿ ತುಕ್ಕು ಹಿಡಿದ ಮೊಳೆ, ಸುತ್ತ ಉದ್ದ ಕೂದಲು. ಮೀಟಿದಳು. ಉಸಿರಿಲ್ಲ. ಮತ್ತೆ ಮೀಟಿದಳು. ಕಣ್ಣು ಕತ್ತಲೆ. ಮೊಳೆ ಕಿರ್‍ರೆಂದಿತು.

"ಅಕ್ಕಾ," ಎಂದಳು. ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. "ಬಾಗಿಲು ಅಲ್ಲಿದೆ. ಹೋಗು."

ಮೊಳೆ ಕಿತ್ತು ಬಂತು.

ವಾರ್ನಿಷ್ ಸೀಳಿತು. ಬೆಂಚಿನಿಂದ ಕಪ್ಪು ಇಳಿಯಿತು. ನೆಲದ ಮೇಲೆ ಹೆಜ್ಜೆ. ಒದ್ದೆ ಹೆಜ್ಜೆ. ಮೆಟ್ಟಿಲ ಮೇಲೆ ಹೆಜ್ಜೆ. ಬಾಗಿಲಿನ ಹಲಗೆಯ ಮೇಲೆ ಐದು ಬೆರಳು ಮೂಡಿದವು. ಇನ್ನೈದು ಮೂಡಿದವು. ಬೋಲ್ಟಿನ ಎತ್ತರಕ್ಕೆ ಹೋಗಿ ನಿಂತವು. ಒಳಗಿಳಿದವು.

ಒಳಗೆ ಗಂಡ ಕೆಮ್ಮಿದ.

ಒಮ್ಮೆ. ಮತ್ತೊಮ್ಮೆ. ಆಮೇಲೆ ಬಿಡದೆ. ಬೋಲ್ಟ್ ಗಡಗಡ ಅಲ್ಲಾಡಿತು.

"ಅಮ್ಮಾ! ಬೋಲ್ಟ್ ಬರ್ತಿಲ್ಲ! ಕೈ ಹಿಡ್ಕೊಂಡಿದೆ, ಬೋಲ್ಟು ನನ್ನ ಕೈ ಬಿಡ್ತಿಲ್ಲ!"

ಅತ್ತೆ ಹುಚ್ಚಿಯಂತೆ ಓಡಿ ಬಾಗಿಲಿಗೆ ಹೆಗಲು ಕೊಟ್ಟಳು. ಮಳೆಗೆ ಉಬ್ಬಿದ ಬಾಗಿಲು, ಮಿಸುಕಲಿಲ್ಲ. "ಬಾರೇ, ನೀನೂ ತಳ್ಳೇ! ಎಂಥವನಾದರೂ ನನ್ನ ಮಗ ಕಣೇ!"

ಸೊಸೆ ಎದ್ದಳು. ಎದೆ ಹಗುರವಾಗಿತ್ತು. ಉಸಿರು ಸರಾಗವಾಗಿ ಬಂತು. ಉಗುರುಗಳ ಬುಡ ಮಾತ್ರ ಕಪ್ಪು, ಸೆರಗಿಗೆ ಎಷ್ಟು ಒರೆಸಿದರೂ ಹೋಗಲಿಲ್ಲ. ಅವಳು ಬಾಗಿಲ ಹತ್ತಿರ ಬಂದಳು, ತಳ್ಳಲಿಲ್ಲ. ಕೈಯಲ್ಲಿ ಉಳಿದ ವಾರ್ನಿಷ್ ಡಬ್ಬಿ ಇತ್ತು. ಕೂತು, ಹೊಸ್ತಿಲ ಸಂದಿಗೆ ದಪ್ಪಗೆ ಬ್ರಶ್ ಎಳೆದಳು. ಸಂದಿಯಲ್ಲಿ ಒಂದು ಗುಳ್ಳೆ ಎದ್ದಿತು. ಒತ್ತಿ ಅಡಗಿಸಿದಳು.

"ಒದ್ದೆ ಮರಕ್ಕೆ ಬಳೀಬೇಡ ಕಣೇ!" ಅತ್ತೆ ಅವಳ ಕಾಲು ಹಿಡಿದುಕೊಂಡಳು. "ನಿನ್ನ ಕಾಲಿಗೆ ಬಿದ್ದಿದೀನಿ, ನೋಡೇ!"

"ನಾನು ಬಾಗಿಲು ಬಡೀತಿದ್ದಾಗ ನೀವು ಎಲ್ಲಿದ್ರಿ ಅತ್ತೆ?"

ಅದು ಎರಡನೆಯವಳ ದನಿಯಾಗಿರಲಿಲ್ಲ. ಅತ್ತೆಯ ಕೈ ತಾನಾಗಿ ಸಡಿಲಿತು. ಒಳಗೆ ಬಡಿತ ನಿಧಾನವಾಗುತ್ತ ಬಂತು. ಸೊಸೆ ಬ್ರಶ್ಶನ್ನು ಡಬ್ಬಿಗೆ ಅದ್ದಿ, ಬೀಗದ ಕೈ ಹಾಕುವ ತೂತನ್ನೂ ಮುಚ್ಚಿದಳು.